ಶಟರ್ ಇಳಿಯುವಾಗ ಕಣ್ಣು ಎಲ್ಲಿರಬೇಕು

ಶಟರಿನ ಕೆಳಪಟ್ಟಿಗೆ ಎರಡೂ ಕೈ ಕೊಟ್ಟು ಒಮ್ಮೆ ಎತ್ತಲು ನೋಡಿ. ಅಲ್ಲಾಡುವುದಿಲ್ಲ. ಹೋದ ತಿಂಗಳವರೆಗೆ ಇದು ಸ್ಪ್ರಿಂಗಿನ ಶಟರ್. ಸೊಂಟ ಬಗ್ಗಿಸಿ ಹಿಡಿಕೆ ಹಿಡಿದು ಮೇಲಕ್ಕೆ ತಳ್ಳಿದರೆ ಗಡಗಡ ಸುತ್ತಿಕೊಳ್ಳುತ್ತಿತ್ತು. ಈಗ ಸ್ಪ್ರಿಂಗ್ ತೆಗೆದು, ಶಾಫ್ಟಿನ ಬಲತುದಿಗೆ ಚೈನಿನ ಮೂಲಕ ಮೋಟರ್ ಕೂಡಿಸಿದ್ದಾರೆ. ಹತ್ತಡಿ ಅಗಲ, ಒಂಬತ್ತಡಿ ಎತ್ತರ, ನೂರು ಕೆಜಿಗೂ ಮೀರಿದ ಉಕ್ಕಿನ ಪಟ್ಟಿಗಳ ಭಾರವನ್ನೆಲ್ಲ ಮೋಟರಿನೊಳಗಿನ ಬ್ರೇಕ್ ಹಿಡಿದು ನಿಂತಿದೆ. ಸ್ಪ್ರಿಂಗಿನ ಕಾಲದಲ್ಲಿ ಈ ಭಾರ ಎಷ್ಟೆಂದು ಮನೆಯವರ ತೋಳಿಗೆ ಗೊತ್ತಿತ್ತು. ಕೆಳಗೆ ಏನಾದರೂ ಅಡ್ಡ ಸಿಕ್ಕರೆ ಎಳೆಯುವ ಕೈಗೇ ತಿಳಿಯುತ್ತಿತ್ತು. ಇವತ್ತು ಕೂಡಿಸಲಿರುವ ರಿಮೋಟಿನ ರಿಸೀವರ್‌ಗೆ ಆ ತಿಳಿವಳಿಕೆ ಇಲ್ಲ. ಅದನ್ನು ನಾವೇ ಹೊರಗಿಂದ ತಂದು ಸೇರಿಸಬೇಕು.

ನೀವು ನಿಂತಿರುವುದು ದೊಡ್ಡಬೆಳವಂಗಲದಲ್ಲಿ, ಪಶ್ಚಿಮಕ್ಕೆ ಮುಖ ಮಾಡಿದ ಹೊಸ ಮನೆಯೊಂದರ ಕೆಳ ಅಂತಸ್ತಿನಲ್ಲಿ. ದಾಬಸ್‌ಪೇಟೆಗೂ ದೊಡ್ಡಬಳ್ಳಾಪುರಕ್ಕೂ ನಡುವಿನ ಹೋಬಳಿ ಊರು. ಅಂಗಡಿಗೆಂದು ಕಟ್ಟಿಸಿದ ಜಾಗ ಇದು. ಈಗ ಕಾರು, ಸ್ಕೂಟರ್, ರಾಗಿ ಮೂಟೆ, ಹನಿ ನೀರಾವರಿಯ ಸುತ್ತಿಟ್ಟ ಪೈಪು ಎಲ್ಲಕ್ಕೂ ಇದೇ ಮನೆ. ಮನೆಯ ಯಜಮಾನ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬರುವ ಹೊತ್ತಿಗೆ ಊರು ಮಲಗಿರುತ್ತದೆ. ಮಳೆಯಲ್ಲಿ ಕಾರಿಂದ ಇಳಿದು, ಬಾಗಿಲು ತಟ್ಟಿ, ಹೆಂಡತಿಯನ್ನೋ ತಾಯಿಯನ್ನೋ ಎಬ್ಬಿಸುವುದು ಅವನಿಗೆ ಸಾಕಾಗಿದೆ. ರಿಮೋಟ್ ಬೇಕಾಗಿರುವುದು ಅದಕ್ಕೆ. ಶೋಕಿಗಲ್ಲ.

ಎಲೆಕ್ಟ್ರಿಷಿಯನ್ ಹುಡುಗ ಬೈಕಿನ ಸೈಡ್ ಬ್ಯಾಗಿನಿಂದ ರಟ್ಟಿನ ಡಬ್ಬ ತೆಗೆದು ಕಾರಿನ ಬಾನೆಟ್ ಮೇಲೆ ಹರಡುತ್ತಾನೆ. ಅಂಗೈ ಅಗಲದ ಪ್ಲಾಸ್ಟಿಕ್ ಪೆಟ್ಟಿಗೆಯೇ ರಿಸೀವರ್. ಮೂರು ರಿಮೋಟ್. ಪುಟ್ಟ ಕಣ್ಣುಗಳಂತಿರುವ ಒಂದು ಜೊತೆ ಫೋಟೋಸೆಲ್. ಗೋಡೆಗೆ ಹಾಕುವ ಮೂರು ಗುಂಡಿಯ ಸ್ವಿಚ್.

“ಅಣ್ಣ, ಎಂಸಿಬಿ ಇಳಿಸಿದ್ರಾ?”

“ಇಳಿಸಿದ್ದೀನಿ ಕಣಪ್ಪ, ನೋಡ್ಕೋ.”

ಅವನು ಮಾತು ನಂಬುವುದಿಲ್ಲ, ಟೆಸ್ಟರ್ ನಂಬುತ್ತಾನೆ. ಮೊದಲು ಕರೆಂಟಿರುವ ಬೇರೆ ಸಾಕೆಟ್ಟಿಗೆ ಟೆಸ್ಟರ್ ಕೊಟ್ಟು ಅದರ ದೀಪ ಹತ್ತುವುದನ್ನು ನೋಡುತ್ತಾನೆ, ಆಮೇಲೆ ಮೋಟರಿನ ವೈರಿಗೆ ಇಡುತ್ತಾನೆ. ಟೆಸ್ಟರೇ ಕೆಟ್ಟಿದ್ದರೆ ಬದುಕಿರುವ ವೈರೂ ಸತ್ತಂತೆ ಕಾಣುತ್ತದೆ. ಈ ಎರಡು ಹೆಜ್ಜೆಯ ಅಭ್ಯಾಸ ಇರುವ ಹುಡುಗನ ಕೈಗೆ ಕೆಲಸ ಕೊಡಲು ನನಗೆ ಧೈರ್ಯ. ಎಂಸಿಬಿಯನ್ನು ಮತ್ತೆ ಮೇಲೆತ್ತಿ ಇನ್ನೊಂದು ಪರೀಕ್ಷೆ: ಬರುತ್ತಿರುವ ಎರಡು ವೈರಿನಲ್ಲಿ ಫೇಸ್ ಯಾವುದು, ನ್ಯೂಟ್ರಲ್ ಯಾವುದು. ಇಲ್ಲಿ ಎರಡೂ ಅದಲುಬದಲಾಗಿವೆ. ಮನೆ ವೈರಿಂಗ್ ಮಾಡಿದವರು ಕೆಂಪಿಗೆ ನ್ಯೂಟ್ರಲ್ ಕೊಟ್ಟಿದ್ದಾರೆ. ಬಲ್ಬಿಗೆ ಇದರಿಂದ ವ್ಯತ್ಯಾಸ ಕಾಣದು. ಆದರೆ ರಿಸೀವರ್‌ನ ರಿಲೇ ಕಡಿಯುವುದು ಒಂದೇ ವೈರನ್ನು. ಅದು ನ್ಯೂಟ್ರಲ್ ಆಗಿದ್ದರೆ ಶಟರ್ ನಿಂತ ಮೇಲೂ ಮೋಟರಿನೊಳಗೆ 230 ವೋಲ್ಟ್ ಕಾದು ಕೂತಿರುತ್ತದೆ. ಎಂಸಿಬಿ ಮತ್ತೆ ಕೆಳಗೆ. ವೈರು ಬದಲಾಗುತ್ತದೆ, ಗುರುತಿಗೆ ಟೇಪು ಸುತ್ತಿಕೊಳ್ಳುತ್ತದೆ.

ಈಗ ಏಣಿ ಹತ್ತಿ ಮೋಟರಿನ ಮುಚ್ಚಳದೊಳಗೆ ಇಣುಕಿ. ನಾಲ್ಕು ವೈರು ಕೆಳಗಿಳಿದಿವೆ: ಕಾಮನ್, ಏರಲು ಒಂದು, ಇಳಿಯಲು ಒಂದು, ಹಸಿರಿನದು ಅರ್ಥಿಂಗ್. ಏರುವ ಮತ್ತು ಇಳಿಯುವ ವೈರುಗಳ ನಡುವೆ ಬೆರಳುದ್ದದ ಕೆಪಾಸಿಟರ್. ಸಿಂಗಲ್ ಫೇಸ್ ಮೋಟರಿಗೆ ಯಾವ ಕಡೆ ತಿರುಗಬೇಕೆಂದು ಹೇಳುವುದು ಇದೇ. ಒಂದು ಸುರುಳಿಗೆ ಫೇಸ್ ನೇರವಾಗಿ ಹೋಗುತ್ತದೆ, ಇನ್ನೊಂದಕ್ಕೆ ಕೆಪಾಸಿಟರ್ ದಾಟಿ ತುಸು ಹೊತ್ತಿನ ವ್ಯತ್ಯಾಸದಲ್ಲಿ ತಲುಪುತ್ತದೆ. ಆ ವ್ಯತ್ಯಾಸದಿಂದ ತಿರುಗುವ ದಿಕ್ಕು. ಎರಡಕ್ಕೂ ಒಟ್ಟಿಗೆ ಫೇಸ್ ಕೊಟ್ಟರೆ ದಿಕ್ಕೇ ಇಲ್ಲ. ಮೋಟರ್ ಗುಂಯ್ ಎಂದು ನಡುಗುತ್ತ ಬಿಸಿಯಾಗುತ್ತದೆ. ಅದಕ್ಕೇ ರಿಸೀವರ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇಂಟರ್‌ಲಾಕ್ ಇದೆಯೇ ಎಂಬುದು. ಏರುವ ರಿಲೇ ಬಿಟ್ಟುಕೊಡದೆ ಇಳಿಯುವ ರಿಲೇ ಹಿಡಿಯಕೂಡದು. ಇದು ಆ ಬಗೆಯದು. ಹುಡುಗ ಒಂದೊಂದೇ ವೈರಿನ ತುದಿ ಸುಲಿದು, ಎಳೆ ಹೊಸೆದು, ಟರ್ಮಿನಲ್ಲಿಗೆ ಕೂರಿಸಿ, ಸ್ಕ್ರೂ ಬಿಗಿದ ಮೇಲೆ ಎಳೆದು ನೋಡುತ್ತಾನೆ. ಶಟರ್ ಏರಿದಾಗೆಲ್ಲ ಈ ಗೋಡೆ ಅದಿರುತ್ತದೆ. ಸಡಿಲ ಸ್ಕ್ರೂ ದಿನೇದಿನೇ ಇನ್ನಷ್ಟು ಸಡಿಲವಾಗುತ್ತದೆ.

ಪೆಟ್ಟಿಗೆಯನ್ನು ಎಲ್ಲಿ ಹೊಡೆಯುವುದು? ಮೇಲೆ ಶಟರ್ ಸುತ್ತಿಕೊಳ್ಳುವ ತಗಡಿನ ಮರೆಯಲ್ಲಿ, ಮೋಟರ್ ಪಕ್ಕದಲ್ಲೇ ಇಟ್ಟರೆ ವೈರು ಉಳಿಯುತ್ತದೆ, ನೋಡಲೂ ಚೆಂದ. ಆದರೆ ರಿಮೋಟಿನ ಅಲೆ ಅಲ್ಲಿಗೆ ತಲುಪಬೇಕಲ್ಲ. ಈ ರಿಮೋಟ್ ಮಾತಾಡುವುದು 433.92 ಮೆಗಾಹರ್ಟ್ಸ್‌ನಲ್ಲಿ. 433ರಿಂದ 434 ಮೆಗಾಹರ್ಟ್ಸ್ ನಡುವೆ ಕಡಿಮೆ ಶಕ್ತಿಯ ಉಪಕರಣ ಬಳಸಲು ಭಾರತದಲ್ಲಿ ಲೈಸೆನ್ಸ್ ಬೇಕಿಲ್ಲ; ಹಾಗಾಗಿ ಬೈಕಿನ ಅಲಾರಂ, ವೈರಿಲ್ಲದ ಕಾಲಿಂಗ್ ಬೆಲ್ ಹೀಗೆ ಹತ್ತಾರು ಸಾಮಾನು ಇದೇ ದಾರಿಯಲ್ಲಿ ಓಡಾಡುತ್ತವೆ. ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್. ಅದರ ಕಾಲುಭಾಗ 17.3. ಪೆಟ್ಟಿಗೆಯಿಂದ ಹೊರಬಂದಿರುವ ತೆಳು ವೈರನ್ನು ಅಳೆದು ನೋಡಿ, ಅಷ್ಟೇ ಉದ್ದ ಇದೆ. ಅದೇ ಆಂಟೆನಾ. ಅಡ್ಡಾದಿಡ್ಡಿ ನೇತಾಡುತ್ತದೆಂದು ಅದನ್ನು ಸುರುಳಿ ಸುತ್ತಿ ಒಳಗೆ ತುರುಕುವವರನ್ನೂ, ಉದ್ದವಾಯಿತೆಂದು ಕತ್ತರಿಸುವವರನ್ನೂ ನೋಡಿದ್ದೇನೆ. ಆಮೇಲೆ ರಿಮೋಟ್ ಸರಿಯಿಲ್ಲ ಅನ್ನುತ್ತಾರೆ.

ಇಳಿದ ಶಟರ್ ಅಂದರೆ ಉಕ್ಕಿನ ಗೋಡೆ. ಅಲೆ ಒಳಗೆ ನುಗ್ಗಲು ಇಲ್ಲಿ ಉಳಿದಿರುವ ದಾರಿ ಪಕ್ಕದ ಗೋಡೆಯ ವೆಂಟಿಲೇಟರ್. ಹುಡುಗ ಅದರ ಕೆಳಗೇ ಪೆಟ್ಟಿಗೆ ಹೊಡೆದು, ಆಂಟೆನಾ ವೈರನ್ನು ನೆಟ್ಟಗೆ ಮೇಲಕ್ಕೆ ಎಳೆದು, ಕಬ್ಬಿಣದ ಸರಳಿಗೆ ತಾಗದಂತೆ ಅಂಟಿಸುತ್ತಾನೆ. ಮೂರು ಮೀಟರ್ ವೈರು ಹೆಚ್ಚಾಯಿತು. ಆಗಲಿ.

ಎಂಸಿಬಿ ಮೇಲೆ. ಮೊದಲು ರಿಮೋಟಿಲ್ಲದೆ ಗೋಡೆಯ ಗುಂಡಿಯಿಂದಲೇ ಶಟರ್ ಏರಿಸಿ ಇಳಿಸಿ ಲಿಮಿಟ್ ನೋಡುವುದು. ಮೇಲೆ ಪಟ್ಟಿ ಪೂರ್ತಿ ಸುತ್ತಿ ತಗಡಿಗೆ ಬಡಿಯುವ ಮುಂಚೆ ನಿಲ್ಲಬೇಕು. ಕೆಳಗೆ ನೆಲ ಮುಟ್ಟಿದ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಶಾಫ್ಟ್ ಬಿಚ್ಚುತ್ತಲೇ ಹೋಗಿ ಪಟ್ಟಿಗಳು ಒಂದರ ಮೇಲೊಂದು ಕೂರುತ್ತವೆ. ಕೆಳಗಿನ ಲಿಮಿಟ್ ಒಂದು ಅಂಗುಲ ಮೀರಿದೆ. ಮೋಟರಿನ ಬದಿಯ ಹಲ್ಲುಚಕ್ರ ಸ್ವಲ್ಪ ತಿರುಗಿಸಿ ಸರಿ ಮಾಡುತ್ತಾನೆ.

ಈಗ ಮನೆಮಂದಿ ಎಲ್ಲ ಸುತ್ತ ಸೇರಿದ್ದಾರೆ. ಎಲ್ಲರಿಗೂ ಕುತೂಹಲ ಇರುವುದು ರಿಮೋಟಿಗೆ ಪಾಠ ಹೇಳುವ ಈ ಘಟ್ಟದಲ್ಲಿ. ನಿಜಕ್ಕೂ ಪಾಠ ಕಲಿಯುವುದು ರಿಸೀವರ್. ಮುಚ್ಚಳ ತೆಗೆದರೆ ಬೋರ್ಡಿನ ಮೂಲೆಯಲ್ಲಿ ಕಾಳಿನಷ್ಟು ದೊಡ್ಡ ಲರ್ನ್ ಬಟನ್, ಪಕ್ಕದಲ್ಲಿ ಕೆಂಪು ಎಲ್ಇಡಿ. ಹುಡುಗ ಮೊದಲು ಅದನ್ನು ಒತ್ತಿ ಹಿಡಿಯುತ್ತಾನೆ. ದೀಪ ಹತ್ತಿ, ಎಂಟು ಸೆಕೆಂಡಿನ ಮೇಲೆ ಆರುತ್ತದೆ.

“ಏನ್ ಮಾಡಿದ್ಯಪ್ಪ ಈಗ?” ಅಂತ ಅಜ್ಜಿ.

“ಒಳಗೆ ಹಳೇದೇನಿದ್ರೂ ಅಳಿಸ್ಬಿಟ್ಟೆ ಅಜ್ಜಿ. ಇದಕ್ಕೆ ಮುಂಚೆ ಯಾರ ಕೈಯಲ್ಲಿ ಯಾವ ರಿಮೋಟ್ ಇತ್ತೋ ಏನೋ.”

ಹೊಸ ಪೆಟ್ಟಿಗೆಯಾದರೂ ಮೊದಲು ಅಳಿಸಬೇಕು. ಅಂಗಡಿಯಲ್ಲಿ ಪರೀಕ್ಷೆಗೆ ಬಳಸಿದ ರಿಮೋಟ್ ಅದರ ನೆನಪಿನಲ್ಲಿ ಉಳಿದಿರಬಹುದು. ಹೊಸ ಬಾಗಿಲಿಗೆ ಹಳೆ ಕೀಲಿಕೈ ಒಂದು ಊರಲ್ಲೆಲ್ಲೋ ಓಡಾಡುತ್ತಿರುವುದು ಯಾರಿಗೆ ಬೇಕು. ಅಳಿಸಿದ ಮೇಲೆ ಬಟನ್ ಒಮ್ಮೆ ಒತ್ತಿ ಬಿಟ್ಟರೆ ದೀಪ ಹತ್ತಿ ಕಾಯುತ್ತದೆ. ಅದು ಆರುವುದರೊಳಗೆ ರಿಮೋಟಿನ ಗುಂಡಿ ಒತ್ತಬೇಕು. ಒತ್ತಿದ. ದೀಪ ಪಟಪಟ ಮಿನುಗಿ ಆರಿತು. ಒಂದು ರಿಮೋಟ್ ಸೇರಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಅಜ್ಜಿಯ ಕೈಗೆ ಕೊಡಲು ಹೋದರೆ ಅವರು ಒಲ್ಲೆ ಅನ್ನುತ್ತಾರೆ. “ನಂಗೆ ಗೋಡೆದೇ ಸಾಕು. ಇದನ್ನ ಎಲ್ಲಾದ್ರೂ ಮರೆತು ಬಂದ್ರೆ?” ಸರಿಯಾದ ಮಾತು. ಮೂರನೆಯದು ಸೊಸೆಯ ಬೀರುವಿಗೆ ಹೋಗುತ್ತದೆ.

ಏಳನೇ ಕ್ಲಾಸಿನ ಮೊಮ್ಮಗಳು ಕೇಳುತ್ತಾಳೆ: “ಅಣ್ಣಾ, ಪಕ್ಕದ್ಮನೆಯವ್ರು ಇಂಥದ್ದೇ ತಂದ್ರೆ ನಮ್ದೂ ಓಪನ್ ಆಗುತ್ತಾ?” ಹಳೆಯ, ಅಗ್ಗದ ರಿಮೋಟುಗಳ ವಿಷಯದಲ್ಲಿ ಇದು ಕೇಳಬೇಕಾದ್ದೇ. ಅವುಗಳೊಳಗೆ ಒಂದು ಸಂಖ್ಯೆ ಇರುತ್ತದೆ, ಒತ್ತಿದಾಗೆಲ್ಲ ಅದೇ ಸಂಖ್ಯೆ ಹೋಗುತ್ತದೆ. 20 ಬಿಟ್‌ನ ಇಂಥ ಚಿಪ್ಪಿಗೆ 10,48,576 ಸಂಖ್ಯೆಗಳ ಅವಕಾಶ ಉಂಟು, ಆದ್ದರಿಂದ ಪಕ್ಕದ ಮನೆಯದು ಅಕಸ್ಮಾತ್ ಹೊಂದುವುದು ಅಪರೂಪ. ತೊಂದರೆ ಬೇರೆ ಕಡೆ ಇದೆ. ಹೋಗುವ ಸಂಖ್ಯೆಯನ್ನು ಒಮ್ಮೆ ಕೇಳಿಸಿಕೊಂಡವರು ಅದನ್ನೇ ಮತ್ತೆ ಹೇಳಿ ಬಾಗಿಲು ತೆಗೆಯಬಹುದು. ಎದುರುಬದುರು ಹಿಡಿದು ಒತ್ತಿದರೆ ನಕಲಾಗುವ ರಿಮೋಟುಗಳು ಮಾರುಕಟ್ಟೆಯಲ್ಲಿ ಸಲೀಸಾಗಿ ಸಿಗುತ್ತವೆ. ಒಂದು ನಿಮಿಷ ಕೀ ಗೊಂಚಲು ಕೈ ಬದಲಾದರೆ ಸಾಕು.

ಇಲ್ಲಿ ತಂದಿರುವುದು ರೋಲಿಂಗ್ ಕೋಡಿನದು. ಈ ಬಗೆಯ ಚಿಪ್ಪುಗಳಲ್ಲಿ ಹೆಸರಾದದ್ದು ಕೀಲಾಕ್. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿಯ ಕೈ ಸೇರಿದ ವಿಧಾನ. ರಿಮೋಟಿನೊಳಗೆ ಒಂದು ಎಣಿಕೆ ಓಡುತ್ತಿರುತ್ತದೆ. ಒಮ್ಮೆ ಒತ್ತಿದರೆ ಎಣಿಕೆ ಒಂದು ಮುಂದೆ. ಆ ಎಣಿಕೆ ಗುಪ್ತಲಿಪಿಯಾಗಿ ಗಾಳಿಗೆ ಹೋಗುತ್ತದೆ, ಅಂದರೆ ಪ್ರತಿ ಸಲವೂ ಬೇರೆ ಮಾತು. ರಿಸೀವರ್ ಅದನ್ನು ಬಿಡಿಸಿ, ತಾನು ಕೊನೆಯ ಸಲ ಕೇಳಿದ ಎಣಿಕೆಯ ಜೊತೆ ಹೋಲಿಸುತ್ತದೆ. ಹಿಂದಿನದಾದರೆ ತಿರಸ್ಕಾರ. ಮುಂದಿನ 16ರೊಳಗೆ ಇದ್ದರೆ ತಕ್ಷಣ ಒಪ್ಪಿಗೆ. ಇನ್ನೂ ಬಹಳ ಮುಂದಿದ್ದರೆ ಅನುಮಾನ: ಬೆನ್ನಿಗೇ ಇನ್ನೊಂದು ಸಲ ಕಳಿಸು, ಎರಡೂ ಒಂದರ ಹಿಂದೊಂದು ಬಂದರೆ ನಂಬುತ್ತೇನೆ ಅನ್ನುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಹತ್ತದು. ಹುಡುಗ ಎಂಸಿಬಿ ಇಳಿಸಿ, ಮೊಮ್ಮಗಳ ಎರಡನೇ ಕ್ಲಾಸಿನ ತಮ್ಮನ ಕೈಗೆ ರಿಮೋಟ್ ಕೊಡುತ್ತಾನೆ. “ಇಪ್ಪತ್ತು ಸಲ ಒತ್ತಪ್ಪ, ಎಣಿಸ್ಕೊಂಡು.” ರಿಸೀವರ್ ಸತ್ತಿದೆ, ಏನನ್ನೂ ಕೇಳುವುದಿಲ್ಲ, ರಿಮೋಟ್ ಮಾತ್ರ ಎಣಿಸುತ್ತ ಮುಂದೆ ಹೋಗುತ್ತಿದೆ. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಮಗು ಅಪ್ಪನ ಕೀ ಗೊಂಚಲು ಹಿಡಿದು ಆಡಿದರೆ ಆಗುವುದು ಇದೇ. ಎಂಸಿಬಿ ಮೇಲೆ ಬಂತು. ಅಕ್ಕ ಒತ್ತಿದಳು. ಏನೂ ಇಲ್ಲ. ತಮ್ಮನ ಮುಖ ಬಾಡಿತು, ತಾನೇ ಕೆಡಿಸಿದೆನೆಂದು. “ಇನ್ನೊಂದ್ಸಲ ಒತ್ತಮ್ಮ.” ಒತ್ತಿದಳು. ಟಕ್ ಅಂತು ರಿಲೇ, ಶಟರ್ ಮೇಲೆದ್ದಿತು. ತಮ್ಮ ಕುಣಿದ. ಊರಿಂದ ಬಂದು ಮೊದಲ ಒತ್ತಿಗೆ ಶಟರ್ ಏಳದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಎರಡನೇ ಸಲ ಒತ್ತಬೇಕು ಎಂಬುದನ್ನು ಈ ಮನೆಯ ಮಕ್ಕಳು ಇನ್ನು ಮರೆಯುವುದಿಲ್ಲ.

ಇದೂ ಒಡೆಯಲಾರದ ಬೀಗವಲ್ಲ. 2008ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು ಚಿಪ್ಪು ಎಳೆಯುವ ವಿದ್ಯುತ್ತಿನ ಏರಿಳಿತ ಅಳೆದೇ ಕೀಲಾಕ್‌ನ ತಯಾರಕರ ಕೀಲಿ ಹೊರತೆಗೆದು ತೋರಿಸಿದರು. 2015ರಲ್ಲಿ ಅಮೆರಿಕದ ಸ್ಯಾಮಿ ಕಾಮ್ಕರ್, ಒತ್ತಿದ ಕೋಡನ್ನು ರಿಸೀವರ್‌ಗೆ ಮುಟ್ಟದಂತೆ ತಡೆದು ತನ್ನ ಬಳಿ ಇಟ್ಟುಕೊಳ್ಳುವ ಸಣ್ಣ ಪೆಟ್ಟಿಗೆಯನ್ನು ಮಾಡಿ ತೋರಿಸಿದರು. ಹಾಗಾಗಿ ಶೆಡ್ಡಿನಿಂದ ಮನೆಯೊಳಗೆ ಹೋಗುವ ಬಾಗಿಲಿಗೆ ಅಜ್ಜಿ ರಾತ್ರಿ ಹಾಕುವ ಚಿಲಕ ಇನ್ನು ಮೇಲೂ ಹಾಕಲೇಬೇಕು.

ಫೋಟೋಸೆಲ್‌ಗೆ ಬರೋಣ. ಶಟರಿನ ಎರಡೂ ಬದಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಎದುರುಬದುರು ಎರಡು ಕಣ್ಣು. ಒಂದು ಅತಿಗೆಂಪು ಬೆಳಕು ಬಿಡುತ್ತದೆ, ಇನ್ನೊಂದು ನೋಡುತ್ತದೆ. ನಡುವೆ ಏನಾದರೂ ಬಂದರೆ ಇಳಿಯುವ ರಿಲೇ ಕಡಿಯುತ್ತದೆ. ರಿಸೀವರ್‌ನಲ್ಲಿ ಇದಕ್ಕೆಂದು ಎರಡು ಟರ್ಮಿನಲ್ ಇದೆ. ಕಾರ್ಖಾನೆಯಿಂದ ಬರುವಾಗ ಅವೆರಡನ್ನೂ ಒಂದು ತುಂಡು ವೈರಿನಿಂದ ಸೇರಿಸಿರುತ್ತಾರೆ, ಫೋಟೋಸೆಲ್ ಇಲ್ಲದೆಯೂ ಕೆಲಸ ಮಾಡಲೆಂದು. ಆ ತುಂಡು ವೈರು ಹಾಗೇ ಉಳಿದ ಶೆಡ್ಡುಗಳನ್ನು ಬಹಳ ನೋಡಿದ್ದೇನೆ. ಅಮೆರಿಕದಲ್ಲಿ ಮನೆಯ ಗ್ಯಾರೇಜ್ ಬಾಗಿಲಿನ ಯಂತ್ರಕ್ಕೆ ಇಂಥ ಕಣ್ಣೋ, ತಾಗಿದರೆ ಹಿಂದಕ್ಕೆ ಹೋಗುವ ಅಂಚೋ ಇರಲೇಬೇಕೆಂದು 1993ರಿಂದ ಕಡ್ಡಾಯ. ಬಾಗಿಲ ಕೆಳಗೆ ಸಿಕ್ಕ ಮಕ್ಕಳ ಸಾವುಗಳು ಆ ನಿಯಮದ ಹಿಂದಿವೆ.

ಹುಡುಗ ಕಣ್ಣುಗಳನ್ನು ಹೊಡೆಯುವ ಮುಂಚೆ ರಸ್ತೆ ಕಡೆ ತಿರುಗಿ ಸೂರ್ಯನನ್ನು ನೋಡುತ್ತಾನೆ. ಮನೆ ಪಶ್ಚಿಮಮುಖಿ. ಸಂಜೆ ಬಿಸಿಲು ಓರೆಯಾಗಿ ಒಳಗೆ ಬೀಳುತ್ತದೆ, ನೋಡುವ ಕಣ್ಣಿಗೆ ಹೊಡೆದರೆ ಅದು ಕುರುಡಾಗಿ ಶಟರ್ ಇಳಿಯದೆ ನಿಲ್ಲುತ್ತದೆ. ನೋಡುವುದನ್ನು ಬಿಸಿಲು ತಾಗದ ಬದಿಗೆ, ಬೆಳಕು ಬಿಡುವುದನ್ನು ಇನ್ನೊಂದು ಬದಿಗೆ ಹಾಕುತ್ತಾನೆ. ಆಮೇಲೆ ಪರೀಕ್ಷೆ. ಶಟರ್ ಇಳಿಯುತ್ತಿದೆ, ರಟ್ಟಿನ ಡಬ್ಬವನ್ನು ಕಾಲಿನಿಂದ ನಡುವೆ ತಳ್ಳುತ್ತಾನೆ. ನಿಂತಿತು. ಎಲ್ಲರಿಗೂ ಸಮಾಧಾನ.

ನನಗೆ ಆಗಲಿಲ್ಲ. ಅವನಿಗೂ ಆಗಿಲ್ಲ. “ಅಣ್ಣ, ಕಾರು ತೆಗೆದು ಅರ್ಧ ಹೊರಗೆ ನಿಲ್ಸಿ.” ಕಾರು ಹೊಸ್ತಿಲ ಮೇಲೆ ನಿಲ್ಲುತ್ತದೆ, ಮುಂದಿನ ಚಕ್ರ ಹೊರಗೆ, ಹಿಂದಿನದು ಒಳಗೆ. ಈಗ ಬಗ್ಗಿ ನೋಡಿ. ಕಾರಿನ ಹೊಟ್ಟೆ ನೆಲದಿಂದ ಆರೂವರೆ ಏಳು ಅಂಗುಲ ಮೇಲಿದೆ. ಬೆಳಕಿನ ಗೆರೆ ಆರಂಗುಲದಲ್ಲಿ, ಕಾರಿನ ಕೆಳಗೇ ನಿರಾಳವಾಗಿ ಹಾದುಹೋಗುತ್ತಿದೆ. ಫೋಟೋಸೆಲ್‌ಗೆ ಕಾರು ಕಾಣುತ್ತಿಲ್ಲ. ಗುಂಡಿ ಒತ್ತಿದರೆ ನೂರು ಕೆಜಿ ಉಕ್ಕು ಕಾರಿನ ಮೇಲಕ್ಕೆ ಇಳಿದು ಬರುತ್ತದೆ. ಹುಡುಗ ಒತ್ತಿಯೇ ತೋರಿಸುತ್ತಾನೆ. ಎರಡು ಪಟ್ಟಿ ಇಳಿಯುತ್ತಿದ್ದಂತೆ ಸ್ಟಾಪ್. ಮನೆಯ ಯಜಮಾನ ಮಾತಾಡುವುದಿಲ್ಲ.

ಇದಕ್ಕೂ ಮೊದಲು ಅವನಿಗೂ ಹುಡುಗನಿಗೂ ವಾದ ನಡೆದಿತ್ತು. ಏರಲು ಹೇಗೆ ಒಂದೇ ಒತ್ತು ಸಾಕೋ, ಇಳಿಯಲೂ ಹಾಗೇ ಇರಲಿ ಎಂಬುದು ಅವನ ಬೇಡಿಕೆ. ಕಾರು ತೆಗೆದುಕೊಂಡು ಹೋಗುತ್ತ ಹಿಂದೆ ತಿರುಗದೆ ಒತ್ತಿದರೆ ಮುಚ್ಚಿಕೊಳ್ಳಬೇಕು. ರಿಸೀವರ್‌ನಲ್ಲಿ ಎರಡೂ ಚಾನಲ್‌ಗೆ ಬೇರೆಬೇರೆ ಜಂಪರ್ ಇದೆ, ಹಾಗೆ ಮಾಡಲು ಬರುತ್ತದೆ. ಹುಡುಗ ಒಪ್ಪಲಿಲ್ಲ. ಇಳಿಯುವುದು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ, ಬೆರಳು ಬಿಟ್ಟರೆ ಅಲ್ಲೇ ನಿಲ್ಲಬೇಕು ಎಂದ. ಪೂರ್ತಿ ಇಳಿಯಲು ಅರ್ಧ ನಿಮಿಷ. ಅಷ್ಟು ಹೊತ್ತು ಗುಂಡಿ ಹಿಡಿದು ನಿಂತು ನೋಡಬೇಕು.

“ಬೋರಿನ ಮೋಟರನ್ನ ಎಲ್ಲೋ ಕೂತ್ಕೊಂಡು ಫೋನಲ್ಲಿ ಆನ್ ಮಾಡ್ತೀವಲ್ಲಪ್ಪ, ಏನಾಗಿದೆ?” ಎಂಬುದು ಯಜಮಾನನ ಪ್ರಶ್ನೆ. ಈ ಸೀಮೆಯಲ್ಲಿ ಸಹಜವಾದ ಪ್ರಶ್ನೆ. ರಾತ್ರಿ ತ್ರೀಫೇಸ್ ಬಂದ ಹೊತ್ತಿಗೆ ಎದ್ದು ಟಾರ್ಚ್ ಹಿಡಿದು ತೋಟಕ್ಕೆ ನಡೆಯುತ್ತಿದ್ದ ರೈತರಿಗೆ ಮೊಬೈಲ್ ಸ್ಟಾರ್ಟರ್ ದೊಡ್ಡ ಬಿಡುಗಡೆ. ಹಾವು, ಕತ್ತಲು, ನಿದ್ದೆಗೇಡು ಎಲ್ಲ ತಪ್ಪಿತು. ಆದರೆ ಬೋರಿನ ಮೋಟರ್ ನೂರಾರು ಅಡಿ ಆಳದಲ್ಲಿದೆ. ಅದರ ಕೆಳಗೆ ಯಾರೂ ನಿಲ್ಲುವುದಿಲ್ಲ. ಶಟರ್ ಇಳಿಯುವ ಜಾಗದಲ್ಲಿ ಕೋಳಿ ಅಡ್ಡಾಡುತ್ತದೆ, ಅಜ್ಜಿ ಮೊರ ಹಿಡಿದು ಕೂರುತ್ತಾರೆ, ಮಕ್ಕಳು ಕೊನೆಯ ಗಳಿಗೆಯಲ್ಲಿ ನುಸುಳುವ ಪಂದ್ಯ ಕಟ್ಟುತ್ತಾರೆ. ಏರುವುದಕ್ಕೆ ದೂರದಿಂದ ಒತ್ತಲಿ, ಅದಕ್ಕೇ ತಾನೆ ರಿಮೋಟ್ ತಂದದ್ದು. ಇಳಿಸುವುದನ್ನು ಕಣ್ಣೆದುರೇ ಇಳಿಸಬೇಕು. ಈ ಎರಡಕ್ಕೂ ಒಂದೇ ನಿಯಮ ಬೇಡುವವರ ಜೊತೆ ನಾನು ಎಷ್ಟು ಹೊತ್ತಾದರೂ ವಾದಕ್ಕೆ ಸಿದ್ಧ.

“ಅಪ್ಪಾ, ಮಕ್ಳಿರೋ ಮನೆ. ಆ ಹುಡ್ಗ ಹೇಳ್ದಂಗೆ ಮಾಡ್ಸು,” ಅಂದರು ಅಜ್ಜಿ. ಕಾರಿನ ಪರೀಕ್ಷೆ ನೋಡಿದ ಮೇಲೆ ಯಜಮಾನನೂ ತಲೆಯಾಡಿಸಿದ. ಏರುವ ಚಾನಲ್‌ನ ಜಂಪರ್ ಒಂದು ಕಡೆ, ಇಳಿಯುವುದರದು ಇನ್ನೊಂದು ಕಡೆ. ಫೋಟೋಸೆಲ್ ಹೇಗೂ ಇದೆ. ಬೆರಳು ಮರೆತರೆ ಕಣ್ಣು, ಕಣ್ಣಿಗೆ ಕಾಣದಿದ್ದರೆ ಬೆರಳು. ಗೋಡೆಯ ಸ್ವಿಚ್ಚನ್ನು ಐದಡಿ ಎತ್ತರಕ್ಕೆ, ಶಟರ್ ಪೂರ್ತಿ ಕಾಣುವ ಜಾಗದಲ್ಲಿ ಹೊಡೆಯುತ್ತಾನೆ. ಎರಡನೇ ಕ್ಲಾಸಿನವನು ಎಗರಿ ನೋಡಿದ, ಎಟುಕಲಿಲ್ಲ.

ದೂರದ ಪರೀಕ್ಷೆಗೆ ಯಜಮಾನ ಕಾರನ್ನು ರಸ್ತೆಯ ತಿರುವಿನವರೆಗೆ ಒಯ್ದು, ಗಾಜು ಏರಿಸಿ, ಒಳಗಿಂದ ಒತ್ತುತ್ತಾನೆ. ಅಲ್ಲಿಂದ ಏಳಲಿಲ್ಲ. ಎದುರು ಮನೆಯ ಕಾಂಪೌಂಡ್ ಹತ್ತಿರ ಬಂದಾಗ ಎದ್ದಿತು. ರಿಮೋಟಿನೊಳಗಿನ ಹನ್ನೆರಡು ವೋಲ್ಟಿನ ಪುಟ್ಟ ಸೆಲ್ಲು ಹಳತಾದಂತೆ ಈ ದೂರ ಕಡಿಮೆಯಾಗುತ್ತ ಬರುತ್ತದೆ. ಆಗ ಸೆಲ್ ಬದಲಿಸಬೇಕು, ರಿಸೀವರ್ ಬಿಚ್ಚಬಾರದು.

ಉಳಿದಿರುವುದು ಕರೆಂಟ್ ಹೋದಾಗಿನ ದಾರಿ. ಹುಡುಗ ಎಂಸಿಬಿ ಇಳಿಸಿ ಸೊಸೆಯನ್ನು ಕರೆಯುತ್ತಾನೆ. “ಅಕ್ಕ, ನೀವೇ ಎಳೀರಿ, ನಾನು ನೋಡ್ತೀನಿ.” ಮೋಟರಿನಿಂದ ನೇತಾಡುವ ಕೈಚೈನಿನ ಒಂದು ಎಳೆ ಎಳೆದರೆ ಶಟರ್ ಒಂದೊಂದೇ ಅಂಗುಲ ಏರುತ್ತದೆ, ಇನ್ನೊಂದು ಎಳೆ ಎಳೆದರೆ ಇಳಿಯುತ್ತದೆ. ಭಾರವಿಲ್ಲ, ಹೊತ್ತು ಹಿಡಿಯುತ್ತದೆ ಅಷ್ಟೆ. ಎಂಸಿಬಿ ಇಳಿಸದೆ ಚೈನಿಗೆ ಕೈ ಹಾಕಬಾರದು. ಎಳೆಯುತ್ತಿರುವಾಗ ಕರೆಂಟ್ ಬಂದು ಯಾರಾದರೂ ರಿಮೋಟ್ ಒತ್ತಿದರೆ ಚೈನಿನ ಜೊತೆ ಬೆರಳೂ ಹೋಗುತ್ತದೆ. ಅವಳು ಪೂರ್ತಿ ಏರಿಸಿ, ಪೂರ್ತಿ ಇಳಿಸಿ, ಚೈನನ್ನು ಕೊಕ್ಕೆಗೆ ಸಿಕ್ಕಿಸುತ್ತಾಳೆ.

ಮೊಮ್ಮಗಳು ನೋಟ್‌ಬುಕ್ಕಿನ ಹಾಳೆ ಹರಿದು ತಂದಿದ್ದಾಳೆ. ಹುಡುಗ ಹೇಳುತ್ತಾನೆ, ಅವಳು ಬರೆಯುತ್ತಾಳೆ: ಒಟ್ಟು ರಿಮೋಟ್ ಮೂರು. ಒಂದು ಕಳೆದರೆ ಲರ್ನ್ ಬಟನ್ ಎಂಟು ಸೆಕೆಂಡ್ ಹಿಡಿದು ಎಲ್ಲ ಅಳಿಸಿ, ಉಳಿದ ಎರಡನ್ನು ಮತ್ತೆ ಸೇರಿಸಬೇಕು. ಮೊದಲ ಸಲ ಏಳದಿದ್ದರೆ ಎರಡನೇ ಸಲ ಒತ್ತಬೇಕು. ತಿಂಗಳಿಗೊಮ್ಮೆ ಡಬ್ಬ ಇಟ್ಟು ಫೋಟೋಸೆಲ್ ನೋಡಬೇಕು, ಗಾಜಿನ ಧೂಳು ಒರೆಸಬೇಕು. ಚೈನಿಗೆ ಮುಂಚೆ ಎಂಸಿಬಿ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರಿಸೀವರ್ ಮುಚ್ಚಳದ ಒಳಗಡೆ, ಬೋರ್ಡಿಗೆ ತಾಗದಂತೆ ಅಂಟಿಸಿ, ಹುಡುಗ ನಾಲ್ಕು ಸ್ಕ್ರೂ ಬಿಗಿಯುತ್ತಾನೆ.